ಮೂರು ಮನೆ, ಒಂದೇ ಕಾರು

ಆ ಮಳೆಗಾಲ ನಾವು ಮನೆ ಸಿಗದೆ ಒದ್ದಾಡಿದ್ದು ದರದಿಂದಲ್ಲ, ವಾಸ್ತುವಿನಿಂದಲ್ಲ, ದೇವಿಯ ಮುನಿಸಿನಿಂದಂತೂ ಅಲ್ಲವೇ ಅಲ್ಲ. ಮೂರು ಜನ ಮೂರು ಮನೆ ಹುಡುಕುತ್ತಿದ್ದೆವು, ಕಾರು ಮಾತ್ರ ಒಂದೇ ಇತ್ತು. ನಡೆದದ್ದು ಅಷ್ಟೇ. ನನ್ನ ಮಗ ಈಗ ನೆಂಟರ ಮುಂದೆ ಬೇರೆ ಕತೆ ಹೇಳುತ್ತಾನೆ. ಹೇಳಿಕೊಳ್ಳಲಿ.

ಹೋದ ವಾರ ಅಂಕೋಲೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಬಾಗಿಲು ದಾಟಿದ ಕೂಡಲೇ ಹೊಸ ಬಣ್ಣದ ವಾಸನೆ, ಅದರ ಅಡಿಯಲ್ಲಿ ಇನ್ನೂ ಒಣಗದ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು, ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಜ್ಜಿಗೆ ಹೋಮದ ಹೊಗೆ ಆಗಲಿಲ್ಲ ಅಂದುಕೊಂಡು ಮನೆಯೊಡತಿ ಕುರ್ಚಿ ತಂದು ಕೊಟ್ಟಳು. ಹೊಗೆಯಲ್ಲ ಮಾರಾಯಿತಿ. ಆ ವಾಸನೆಯನ್ನು ನಾನು ಒಂದಿಡೀ ಮಳೆಗಾಲ ಕುಡಿದವಳು.

ಮಗ ಮಂಜುನಾಥನಿಗೆ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ವಾಸ. ಗಂಡ ತೀರಿದ ಮೇಲೆ ನಾನೂ ಅಲ್ಲಿಗೇ ಬಂದೆ. ಊರ ಮನೆ ಮೈದುನರ ಪಾಲಿಗೆ ಹೋಯಿತು. ಅದರ ಬಗ್ಗೆ ನನಗೇನೂ ದುಃಖವಿಲ್ಲ, ಅದರಲ್ಲಿ ಬೆಳಕೇ ಇರಲಿಲ್ಲ. ಕ್ವಾರ್ಟರ್ಸ್ ಚೆನ್ನಾಗಿತ್ತು. ನಲ್ಲಿ ಸೋರಿದರೆ ಒಬ್ಬ ಬರುತ್ತಾನೆ, ಗೋಡೆ ಉದುರಿದರೆ ಇನ್ನೊಬ್ಬ ಬರುತ್ತಾನೆ. ಆಫೀಸಿನಲ್ಲಿ ಕಂಪ್ಲೇಂಟ್ ಬರೆಸಿ ಬಂದರೆ ಮುಗಿಯಿತು. ಹೀಗೆ ಇದ್ದು ಇದ್ದು ನನ್ನ ಮಗನಿಗೆ ಒಂದು ಮೊಳೆ ಹೊಡೆಯಲೂ ಬಾರದು. ಸೊಸೆ ಸುಜಾತಾ ಅದನ್ನೂ ಹೊಡೆಯುತ್ತಿದ್ದಳು. ಅವಳು ಹಳ್ಳಿಯ ಮನೆಯಿಂದ ಬಂದವಳು, ಬಾವಿ, ಕೊಟ್ಟಿಗೆ, ಅಂಗಳ ಎಲ್ಲ ಮಾಡಿದವಳು.

ನನ್ನ ಕೆಲಸ ಒಣಗಿಸುವುದು. ಬೇಸಿಗೆ ಬಂತೆಂದರೆ ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಸಂಡಿಗೆ, ಮಾವಿನ ಹೋಳು. ಕ್ವಾರ್ಟರ್ಸಿನ ಮುಂದೆ ಹುಲ್ಲಿನ ಜಾಗವಿತ್ತು. ಅಲ್ಲಿ ನನ್ನ ಮುಂಡಿಗೆ ಎಲೆಯ ದೊಡ್ಡ ಚಾಪೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕೋಲು ಹಿಡಿದು ಕೂತರೆ ಕಾಗೆಯೂ ಹತ್ತಿರ ಬರುತ್ತಿರಲಿಲ್ಲ. ಟೌನ್‌ಶಿಪ್ಪಿನ ಅರ್ಧ ಹೆಂಗಸರು ಮಳೆಗಾಲಕ್ಕೆ ನನ್ನ ಹಪ್ಪಳವನ್ನೇ ಸುಡುತ್ತಿದ್ದರು. ಹಾಗಾಗಿ ಮಗ ನಿವೃತ್ತಿಯ ಮಾತು ತೆಗೆದಾಗ, ಕ್ವಾರ್ಟರ್ಸ್ ಬಿಡಬೇಕು, ದೀಪಾವಳಿಯ ಒಳಗೆ ಮನೆ ಹುಡುಕಬೇಕು ಅಂದಾಗ, ನನ್ನ ತಲೆಯಲ್ಲಿ ಮೊದಲು ಬಂದದ್ದು ಚಾಪೆ. ಮನೆ ಅಂದರೆ ನನಗೆ ಚಾಪೆ ಹಾಸುವಷ್ಟು ಬಿಸಿಲು.

ಮನೆ ತೋರಿಸುವವನ ಹೆಸರು ನಾಗೇಶ. ಮೊದಲು ಅಂಕೋಲೆಯಲ್ಲಿ ಗೇರುಬೀಜದ ದಲ್ಲಾಳಿ, ಆಮೇಲೆ ಮನೆ ಮಾರಲು ನಿಂತವನು. ಭಾಷೆ ಮಾತ್ರ ಬದಲಾಗಿರಲಿಲ್ಲ. ಮೊದಲ ದಿನವೇ ಕಾರಿನಲ್ಲಿ ನನ್ನ ಪಕ್ಕ ಕೂತು, ಒದ್ದೆ ಕೊಡೆಯ ನೀರನ್ನೆಲ್ಲ ನನ್ನ ಕಾಲ ಮೇಲೆ ಬಿಟ್ಟು, ಮನೆಗಳ ಜಾತಿ ವಿವರಿಸಿದ.

"ಅಜ್ಜಿ, ಬೀಜದಲ್ಲಿ ಇಡೀ ಬೀಜ, ಹೋಳು, ನುಚ್ಚು ಇಲ್ವಾ, ಹಾಂಗೇ. ಎರಡು ಬೆಡ್‌ರೂಮಿನ ಫ್ಲ್ಯಾಟು ಹೋಳಿದ್ದಾಂಗೆ, ತಂದಿಟ್ಟ ಕೂಡ್ಲೆ ಹೋಗ್ತದೆ. ಸ್ವಂತ ಮನೆ ಇಡೀ ಬೀಜ, ಅದಕ್ಕೆ ಗಿರಾಕಿ ಬ್ಯಾರೆ."

ಹಂಚಿನ ಮನೆ ಯಾವುದಪ್ಪ ಅಂದೆ.

"ಅದು ಸಿಪ್ಪೆ, ಅಜ್ಜಿ. ಅದನ್ನ ಮನೆ ಹೇಳಿ ಯಾರೂ ತಕಣೂದಿಲ್ಲ. ಜಾಗ ಹೇಳಿ ತಕಂತ್ರು, ಮನೆ ಕೆಡಗ್ತ್ರು."

ಮಂಜುನಾಥ ನಕ್ಕ. ನನಗೆ ನಗು ಬರಲಿಲ್ಲ. ಗೇರುಬೀಜದ ಸಿಪ್ಪೆಯಿಂದಲೂ ಎಣ್ಣೆ ತೆಗೆಯುತ್ತಾರೆ ಅನ್ನುವುದು ಅವನಿಗೆ ಮರೆತು ಹೋಗಿತ್ತು.

ಮಳೆ ಹಿಡಿದ ಮೇಲೆ ಪ್ರತಿ ಭಾನುವಾರ ಇದೇ ಕೆಲಸ. ಮಲ್ಲಾಪುರದಿಂದ ಹೊರಟು ಕಾಳಿ ಹೊಳೆಯ ದಂಡೆಯ ರಸ್ತೆ ಹಿಡಿದು ಕಾರವಾರ, ಅಲ್ಲಿಂದ ಹೆದ್ದಾರಿಯಲ್ಲಿ ಅಂಕೋಲೆ, ಮತ್ತೆ ವಾಪಸ್. ಕಾರಿನ ಗಾಜು ಬೆವರುತ್ತಿತ್ತು. ಸುಜಾತಾ ಮುಂದೆ ಕೂತು ಸೆರಗಿನಿಂದ ಒರೆಸುತ್ತಿದ್ದಳು. ಹಿಂದೆ ನಾನು, ನಾಗೇಶ, ಅವನ ಕೊಡೆ.

ಮೊದಲು ತೋರಿಸಿದ್ದು ಸಮುದ್ರ ಕಾಣುವ ಫ್ಲ್ಯಾಟು. ಬಾಗಿಲು ತೆಗೆದರೆ ಎದುರಿಗೆ ಸಮುದ್ರ, ಬೂದಿ ಬಣ್ಣದ್ದು, ಕೆರಳಿದ್ದು. ನಾಗೇಶ ಪರದೆ ಸರಿಸಿ, ತಾನೇ ಸಮುದ್ರ ತೋಡಿದವನ ಹಾಗೆ ನಿಂತ. ಕಿಟಕಿಯ ಸರಳುಗಳು ಆಗಲೇ ತುಕ್ಕು ಹಿಡಿದಿದ್ದವು. ಆ ಕಟ್ಟಡದ ಮನೆಗಳನ್ನೆಲ್ಲ ಹುಬ್ಬಳ್ಳಿ ಕಡೆಯವರು ತೆಗೆದುಕೊಂಡಿದ್ದಾರಂತೆ, ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಬಂದು ಸಮುದ್ರ ನೋಡಿ ಹೋಗುತ್ತಾರಂತೆ. ಸಮುದ್ರ ನೋಡುವುದಕ್ಕೆ ದುಡ್ಡು ಕೊಡುವವರು ಸಮುದ್ರದ ಬದಿ ಹುಟ್ಟಿದವರಲ್ಲ. ಹುಟ್ಟಿದವರು ಮನೆಯ ಬೆನ್ನನ್ನು ಆ ಕಡೆ ಮಾಡಿ ಕಟ್ಟುತ್ತಾರೆ. ಇಲ್ಲಿ ಉಪ್ಪಿನ ಡಬ್ಬಿ ತೆಗೆದರೆ ಉಪ್ಪಲ್ಲ, ನೀರು ಇರುತ್ತದೆ ಅಂದೆ. ನಾಗೇಶ ಪರದೆ ಮುಚ್ಚಿದ.

ಆಮೇಲೆ ಕೆಳಗೊಂದು ಮೇಲೊಂದು ಇರುವ ಮನೆ. ಕೆಳಗೆ ನೀವು ಇರಿ, ಮೇಲೆ ಬಾಡಿಗೆಗೆ ಕೊಡಿ, ನೌಕಾನೆಲೆಯ ಸಂಸಾರಗಳು ಸಾಲು ನಿಂತಿವೆ ಅಂದ. ಇದಂತೂ ಎಲ್ಲಕ್ಕಿಂತ ಬೇಗ ಮಾರಾಟವಾಗುವ ಜಾತಿ. ಎಷ್ಟು ಬೇಗ ಅಂದರೆ, ನಾವು ಒಂದರ ಬಚ್ಚಲು ನೋಡುತ್ತಿರುವಾಗಲೇ ಅದು ಬೇರೆಯವರಿಗೆ ಕುದುರಿತು. ನಾಗೇಶನ ಫೋನಿಗೆ ಸುದ್ದಿ ಬಂತು. ಪರರ ಬಚ್ಚಲಲ್ಲಿ ನಾವು ನಾಲ್ಕು ಜನ ಸುಮ್ಮನೆ ನಿಂತಿದ್ದೆವು.

ಹೀಗೆ ತಿರುಗುತ್ತ ತಿರುಗುತ್ತ ಆಷಾಢದ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಮನೆ ಮನಸ್ಸಿಗೆ ಹಿಡಿಯಿತು. ಕೆಟ್ಟದ್ದು ಅದೇ.

ಮಂಜುನಾಥನಿಗೆ ಹಿಡಿದದ್ದು ಅಂಕೋಲೆಯ ಹೊರಗಿನ ಸಾಲುಮನೆ. ಒಂದೇ ಬಣ್ಣ, ಒಂದೇ ಗೇಟು, ಒಂದೇ ಮೆಟ್ಟಿಲು, ಅಚ್ಚು ಹಾಕಿ ತೆಗೆದ ಹಾಗೆ. ಇವನ ಜೊತೆಗೆ ಕೆಲಸ ಮಾಡಿದವರು ಆಗಲೇ ಅಲ್ಲಿ ಮನೆ ಹಿಡಿದಿದ್ದರು. ನನಗೆ ಕೂಡಲೇ ಗೊತ್ತಾಯಿತು, ಇವನಿಗೆ ಬೇಕಾದದ್ದು ಮನೆಯಲ್ಲ, ಇನ್ನೊಂದು ಕ್ವಾರ್ಟರ್ಸು. ಅಲ್ಲಿಯ ಕೆಲಸ ನೋಡಿಕೊಳ್ಳುವವನನ್ನು ಕರೆದು ಕೇಳಿದ್ದೇನು ಅಂದರೆ, ನಲ್ಲಿ ಕೆಟ್ಟರೆ ಕಂಪ್ಲೇಂಟ್ ಎಲ್ಲಿ ಬರೆಸೂದು ಅಂತ. ಆ ಮನುಷ್ಯ ಇವನ ಮುಖವನ್ನೇ ನೋಡಿದ. ನಲ್ಲಿ ನಿಮ್ಮದೇ ಅಲ್ವಾ ಸರ್ ಅಂದ. ಅರವತ್ತು ತುಂಬಲು ಬಂದ ಗಂಡಸಿಗೆ ನಲ್ಲಿ ಸ್ವಂತದ್ದಾಗುತ್ತದೆ ಅನ್ನುವುದು ಅಂದು ಹೊಳೆಯಿತು. ಆದರೂ ಬಿಡಲಿಲ್ಲ. ಆ ಜಾಗ ಮೊದಲು ಗದ್ದೆ. ಮಣ್ಣು ಹಾಕಿ ಎತ್ತರಿಸಿದ್ದರು, ಮಳೆಗೆ ಅದು ತಿರುಗಿ ಗದ್ದೆಯಾಗಲು ನೋಡುತ್ತಿತ್ತು. ಗೇಟಿನ ಒಳಗೆ ಕಪ್ಪೆಗಳು ಯಜಮಾನರ ಹಾಗೆ ಕೂತಿದ್ದವು.

ಸುಜಾತಾಳಿಗೆ ಹಿಡಿದದ್ದು ಕಾರವಾರದ ಫ್ಲ್ಯಾಟು. ಎರಡನೇ ಮಾಳಿಗೆ. ಸಮುದ್ರ ಕಾಣುವುದಿಲ್ಲ, ಎದುರಿನ ಕಟ್ಟಡದ ಬಟ್ಟೆ ಕಾಣುತ್ತದೆ. ಎರಡು ಕೋಣೆ, ಅಡುಗೆಮನೆ, ಹೊರಗೆ ಚಾಚಿದ ಒಂದು ಗ್ಯಾಲರಿ. ಒಳಗೆ ಕಾಲಿಟ್ಟಾಗ ಅದೇ ಹೊಸ ಬಣ್ಣದ ವಾಸನೆ. ಸುಜಾತಾ ಅಡುಗೆಮನೆಯ ಕಟ್ಟೆಯ ಮೇಲೆ ಕೈ ಆಡಿಸಿದಳು, ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ಆಮೇಲೆ ಹೊರಬಾಗಿಲನ್ನು ಎಳೆದುಕೊಂಡು, ಚಿಲಕ ಬಿದ್ದದ್ದು ಕೇಳಿ, ಮತ್ತೆ ತೆಗೆದು, ಮತ್ತೆ ಎಳೆದಳು. ಏನೇ ಅದು ಮಕ್ಕಳಾಟ ಅಂದೆ.

"ಅತ್ತೆ, ನಂಗೆ ಬೀಗ ಹಾಕಿ ಹೋಗೂಕೆ ಆಗೂ ಮನೆ ಬೇಕು. ಅಷ್ಟೇ."

"ಬೀಗ ಹಾಕಿ ಎಲ್ಲಿಗೆ ಹೋಗೂದಿದೆ ನಿಂಗೆ?"

ಅವಳು ಗ್ಯಾಲರಿಗೆ ಹೋಗಿ ನಿಂತಳು. ನಾನು ಕೇಳಿದ್ದು ತಪ್ಪು ಅಂತ ನನಗೇನೂ ಅನ್ನಿಸಲಿಲ್ಲ. ಗ್ಯಾಲರಿ ನೋಡಿದರೆ ನನ್ನ ಚಾಪೆಗೆ ಸಾಲದು ಅನ್ನಿಸಿತು, ಅದೇ ನನಗೆ ದೊಡ್ಡದು. ಮೇಲೆ ಟೆರೇಸಿದೆಯಲ್ಲ ಅಂದೆ. ಟೆರೇಸಿಗೆ ಬೀಗ, ಅಲ್ಲಿ ಏನೂ ಒಣಗಿಸುವಂತಿಲ್ಲ ಅಂದ ನಾಗೇಶ. ಬಿಸಿಲಿಗೆ ಬೀಗ ಹಾಕುವ ಊರು ನಾನು ಎಲ್ಲೂ ಕಂಡಿರಲಿಲ್ಲ.

ನನಗೆ ಹಿಡಿದದ್ದು ಕೋಡಿಬಾಗದ ಹಂಚಿನ ಮನೆ. ಹೊಳೆಯಿಂದ ಸ್ವಲ್ಪ ಒಳಗೆ, ಓಣಿಯ ತುದಿಗೆ. ಮುಂದೆ ಜಗಲಿ, ಅದರ ಮುಂದೆ ಅಂಗಳ. ಸಗಣಿ ಸಾರಿಸಿದ ಅಂಗಳವಲ್ಲ, ಮಳೆಗೆ ಪಾಚಿ ಕಟ್ಟಿತ್ತು. ಆದರೂ ಅಂಗಳ ಅಂದರೆ ಅಂಗಳ. ಒಂದಲ್ಲ, ಮೂರು ಚಾಪೆ ಹಿಡಿಯುತ್ತದೆ. ಬದಿಗೆ ಬಾವಿ. ಮನೆ ಮಾರುವವಳು ಶೇವಂತಿ, ನನಗಿಂತ ಸ್ವಲ್ಪ ಚಿಕ್ಕವಳು. ಪೇಟೆಯಲ್ಲಿ ಮಗ ಕಟ್ಟಿಸಿದ ಮನೆಗೆ ಹೋಗುವವಳು. ಚಾ ಕೊಟ್ಟಳು. ಜಗಲಿಯ ಕಟ್ಟೆ ನನ್ನ ಸೊಂಟಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಕೂತವಳು ಎದ್ದೇಳಲಿಲ್ಲ. ಒಳಗಿನ ಕೋಣೆಗಳನ್ನು ಮಗ ಸೊಸೆ ಹೋಗಿ ನೋಡಿ ಬಂದರು.

ಅಲ್ಲಿಂದ ಶುರುವಾಯಿತು ನೋಡಿ. ಮಾತಿಲ್ಲದ ಜಗಳ. ಬೆಳಿಗ್ಗೆ ಚಾ ಕುಡಿಯುವಾಗ ಮಂಜುನಾಥ, ಸಾಲುಮನೆಯವರು ಇವತ್ತೂ ಫೋನ್ ಮಾಡಿದ್ರು ಅನ್ನುತ್ತಾನೆ. ಸುಜಾತಾ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ. ನಾನು ಕೋಡಿಬಾಗದ ಬಾವಿ ನೀರು ಸಿಹಿ ಅನ್ನುತ್ತೇನೆ. ಮಳೆಗಾಲದಲ್ಲಿ ಯಾವ ಬಾವಿ ನೀರು ಸಿಹಿ ಇರೂದಿಲ್ಲ ಹೇಳು ಆಯಿ ಅನ್ನುತ್ತಾನೆ ಮಗ. ಅತ್ತ ನೆರೆಯ ಕ್ವಾರ್ಟರ್ಸಿನವರು ಸಾಮಾನು ಕಟ್ಟತೊಡಗಿದ್ದರು. ಒಂದು ದಿನ ಅವನಿಗೆ ಸಿಟ್ಟು ನೆತ್ತಿಗೇರಿ, ಹೀಗೇ ಆದರೆ ಕಪಾಟು, ಮಂಚ, ಫ್ರಿಜ್ಜು ಎಲ್ಲ ಬಾಡಿಗೆ ಖೋಲಿಗೆ ಹಾಕಿ, ನಾವಿಬ್ಬರೂ ಎಲ್ಲಾದರೂ ಒಂದು ಕೋಣೆ ಹಿಡಿದು, ಆಯಿಯನ್ನು ಹೊನ್ನಾವರಕ್ಕೆ ತಂಗಿಯ ಮನೆಗೆ ಕಳಿಸುವುದು ಅಂದ. ಫ್ರಿಜ್ಜಿನ ನಂತರ ನಾನು. ಹೊನ್ನಾವರದ ಮಗಳ ಮನೆಯಲ್ಲಿ ಅವಳ ಅತ್ತೆ ಇದ್ದಾಳೆ. ಒಂದೇ ಮನೆಯಲ್ಲಿ ಎರಡು ಮುದುಕಿಯರು ಇದ್ದರೆ ಏನಾಗುತ್ತದೆ ಅಂತ ನಾನು ಬರೆದು ತಿಳಿಸಬೇಕಾಗಿಲ್ಲ. ಅಂದರೆ ಮನೆ ಆಗಲೇಬೇಕಿತ್ತು. ನಾನು ಹೇಳಿದ ಮನೆಯೇ ಆಗಬೇಕಿತ್ತು, ಅದು ಬೇರೆ ಮಾತು.

ನಮ್ಮ ಕಡೆ ಹೀಗೆ ಗಂಟು ಬಿದ್ದರೆ ದೇವಿಯ ಹತ್ತಿರ ಪ್ರಸಾದ ಕೇಳುತ್ತಾರೆ. ಗುನಗ, ಅಂದರೆ ದೇವಿಯ ಪೂಜಾರಿ, ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವಿಯ ಮೈಗೆ ಎಡಕ್ಕೂ ಬಲಕ್ಕೂ ಅಂಟಿಸುತ್ತಾನೆ, ಕೇಳುವ ಮಾತನ್ನು ಗಟ್ಟಿಯಾಗಿ ಹೇಳುತ್ತಾನೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದಾದರೆ ಅಲ್ಲ. ಮದುವೆ, ಜಾಗ, ಮುನಿಸು, ಎಲ್ಲಕ್ಕೂ ಇದೇ ತೀರ್ಪು. ಒಮ್ಮೆ ಪ್ರಸಾದ ಆಯಿತೆಂದರೆ ಅದೇ ಮಾತನ್ನು ತಿರುಗಿ ಕೇಳುವಂತಿಲ್ಲ. ಶ್ರಾವಣದ ಒಂದು ಶುಕ್ರವಾರ ಮೂವರೂ ಊರಿಗೆ ಹೋದೆವು.

ಗುಡಿಯಲ್ಲಿ ಬೇರೆ ಜನವೂ ಇದ್ದರು. ಗುನಗ ಏನು ಕೇಳುವುದು ಅಂದ. ಮಂಜುನಾಥ ನೌಕರಿಯಲ್ಲಿ ದೊಡ್ಡವನು, ಮನೆಯೊಳಗಿನ ಜಗಳ ನಾಲ್ಕು ಜನರೆದುರು ಬಿಚ್ಚಲು ಮರ್ಯಾದೆ ಅಡ್ಡ ಬಂತು. ಮನೆ ವಿಷಯ ಅಂದು ಬಾಯಿ ಮುಚ್ಚಿಕೊಂಡ. ಗುನಗನೂ ಹೆಚ್ಚು ಕೆದಕಲಿಲ್ಲ.

"ತಾಯೀ, ಈ ಮಕ್ಕಳು ಮನಸ್ಸಲ್ಲಿ ಇಟ್ಕಂಡ ಮನೆ ಆಗೂದು ಹೌದಾದ್ರೆ ಬಲಕ್ಕೆ ಪ್ರಸಾದ ಕೊಡು."

ಅವನು ಹಾಗೆ ಹೇಳುವಾಗ ನಾನು ತಡೆಯಬಹುದಿತ್ತು. ಮಗನೂ ತಡೆಯಬಹುದಿತ್ತು, ಸೊಸೆಯೂ. ಯಾರೂ ಬಾಯಿ ತೆರೆಯಲಿಲ್ಲ. ದೇವಿಗೆ ಗೊತ್ತಿದೆಯಲ್ಲ ಅಂತ ಮೂವರೂ ಕೈ ಮುಗಿದು, ಕಣ್ಣು ಮುಚ್ಚಿ, ಒಬ್ಬೊಬ್ಬರು ಒಂದೊಂದು ಮನೆಯೊಳಗೆ ಹೋಗಿ ನಿಂತೆವು. ಕೆಲವು ಸಲ ಪ್ರಸಾದಕ್ಕೆ ಮಧ್ಯಾಹ್ನದವರೆಗೂ ಕಾಯಬೇಕಾಗುತ್ತದೆ. ಅಂದು ಕಣ್ಣು ತೆರೆಯುವುದರೊಳಗೆ ಬಲದ ಎಸಳು ಬಿದ್ದಾಗಿತ್ತು.

ವಾಪಸು ಬರುವಾಗ ಕಾರಿನಲ್ಲಿ ಎಷ್ಟು ಪ್ರೀತಿ. ಅಂಥ ಪ್ರೀತಿ ನಮ್ಮ ಮನೆಯಲ್ಲಿ ಹಬ್ಬದ ದಿನವೂ ಕಂಡಿಲ್ಲ. ಅಂಕೋಲೆಯ ಹೋಟೆಲಿನಲ್ಲಿ ಮಂಜುನಾಥ ತಾನಾಗಿ ಬಜ್ಜಿ ಹೇಳಿದ. ಸುಜಾತಾ ತನ್ನ ಪಾಲಿನದನ್ನು ನನ್ನ ತಟ್ಟೆಗೆ ಹಾಕಿದಳು, ಮುಂದಿನ ಸೀಟು ನನಗೆ ಬಿಟ್ಟುಕೊಟ್ಟಳು. ಗೆದ್ದವರು ಹೀಗೆ ಧಾರಾಳಿಗಳಾಗುತ್ತಾರೆ. ನಾನೂ ಅವಳಿಗೆ, ಅಂಗಳದಲ್ಲಿ ನಿನಗೆ ಬೇಕಾದ ಹೂವಿನ ಗಿಡ ಹಾಕಿಕೊ ಅಂತ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಂಜುನಾಥ, ನಾಳೆಯೇ ನಾಗೇಶನಿಗೆ ಫೋನ್ ಮಾಡಿ ಸಾಲುಮನೆ ಗಟ್ಟಿ ಮಾಡ್ತೆ ಅಂದ.

"ಯಾವ ಸಾಲುಮನೆ?" ಅಂದಳು ಸುಜಾತಾ ಹಿಂದಿನಿಂದ.

"ದೇವಿ ಹೌದು ಹೇಳಿದ್ದು ಯಾವುದಕ್ಕೆ ಮತ್ತೆ?"

"ಫ್ಲ್ಯಾಟಿಗೆ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕೋಡಿಬಾಗ ಅಂದೆ.

ಮೂರು ದಿಕ್ಕಿಗೆ ಎಳೆಯುವ ಮನೆಗಳು ಮೊದಲೂ ಇದ್ದವು. ಈಗ ಒಂದೊಂದರ ಬೆನ್ನಿಗೆ ದೇವಿ ನಿಂತುಬಿಟ್ಟಳು. ಮೊದಲು ಸೋಲುವುದಾದರೆ ಮನುಷ್ಯರ ಎದುರು ಸೋಲಬಹುದಿತ್ತು. ಈಗ ಬಿಟ್ಟುಕೊಟ್ಟರೆ ಪ್ರಸಾದ ಮೀರಿದ ಹಾಗೆ. ಮಂಜುನಾಥ ಗುನಗನಿಗೆ ಫೋನ್ ಮಾಡಿ ಹೀಗೀಗಾಯಿತು ಅಂದ. ದೇವಿ ಉತ್ತರ ಕೊಟ್ಟಾಯ್ತು, ಪ್ರಶ್ನೆ ಸಮ ಮಾಡಿಕೊಳ್ಳುವುದು ನಿಮಗೆ ಬಿಟ್ಟದ್ದು ಅಂದನಂತೆ ಅವನು. ನ್ಯಾಯವಾದ ಮಾತು. ನಾವು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಮರುದಿನ ಮಂಜುನಾಥ ಡ್ಯೂಟಿಯಿಂದ ನಾಗೇಶನಿಗೆ ಹೂಂ ಅಂದ. ಸುಜಾತಾ ಅಡುಗೆಮನೆಯಿಂದ ಹೂಂ ಅಂದಳು. ನನ್ನ ಹತ್ತಿರವೂ ದೊಡ್ಡ ಗುಂಡಿಯ ಫೋನಿದೆ, ನಾನೂ ಹೂಂ ಅಂದೆ.

ನಾಗೇಶ ಸಂಜೆಗೆ ಮಳೆಯಲ್ಲೇ ಬೈಕಿನಲ್ಲಿ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೊಡೆ ಮಡಚಿದ.

"ಅಣ್ಣ, ಒಂದು ಮಾತು ಕೇಳ್ತೆ. ನಿಮ್ಮ ಮನೆಗೆ ಒಟ್ಟು ಎಷ್ಟು ಮನೆ ಬೇಕು?"

ನಗಬೇಕಾದ ಮಾತು. ಯಾರೂ ನಗಲಿಲ್ಲ. ಅವನಿಗೆ ಚಾ ಕೂಡ ಕೊಡಲಿಲ್ಲ ಅಂತ ಆಮೇಲೆ ನೆನಪಾಯಿತು.

ಚೌತಿ ಬಂತು, ಹೋಯಿತು. ಗಣಪತಿಯನ್ನು ಮುಳುಗಿಸುವಾಗ ಬರುವ ವರ್ಷ ನಿನ್ನನ್ನು ಎಲ್ಲಿ ಕೂರಿಸುತ್ತೇವೋ ನಿನಗೇ ಗೊತ್ತು ಅಂದುಕೊಂಡೆ. ಚೌತಿ ಕಳೆದ ಮೇಲೆ ಶೇವಂತಿ ನನಗೆ ಫೋನ್ ಮಾಡಿದಳು. ಗೋವೆ ಕಡೆಯವರು ಯಾರೋ ಅವಳ ಮನೆ ನೋಡಿ ಹೋಗಿದ್ದಾರಂತೆ. ಹೋಮ್‌ಸ್ಟೇ ಮಾಡುವವರಂತೆ. ಸಿಪ್ಪೆಗೂ ಗಿರಾಕಿ ಬಂದಿದ್ದ. ನಿಮಗೆ ಬೇಕಾದರೆ ಬಂದು ಕೊನೆಯ ಮಾತು ಹೇಳಿ ಅಂದಳು. ಮಂಜುನಾಥ ಬರಲಿಲ್ಲ. ನಾನು ಬಸ್ಸು ಹತ್ತುವಾಗ ಸುಜಾತಾ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು. ಒಬ್ಬಳನ್ನೇ ಕಳಿಸಿದರೆ ನಾನು ಅಲ್ಲೇ ಚಾಪೆ ಹಾಸಿಬಿಡುತ್ತೇನೆ ಅಂತ ಹೆದರಿದಳೋ ಏನೋ.

ಆ ದಿನ ಜೋರು ಮಳೆ. ಶೇವಂತಿ ಬಾಗಿಲು ತೆಗೆದಳು. ಈ ಸಲ ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಒಳಗಿನ ಕೋಣೆಯಲ್ಲಿ ಒಂದು ಬೇಸಿನ್ನು, ನಡುಮನೆಯಲ್ಲಿ ಒಂದು ಹಂಡೆ, ಅಡುಗೆಮನೆಯ ಬಾಗಿಲಲ್ಲಿ ಒಂದು ಡಬ್ಬ. ಟಿಕ್ ಟಿಕ್ ಅಂತ ಎಲ್ಲದಕ್ಕೂ ನೀರು ಬೀಳುತ್ತಿತ್ತು.

"ಮೊದಲು ಬಂದಾಗ ಇವೆಲ್ಲ ಕಾಣಲಿಲ್ಲಲ್ಲ" ಅಂದೆ.

"ಮಂಚದ ಕೆಳಗೆ ದೂಡಿದ್ದೆ ಅಕ್ಕ. ಆ ದಿನ ಮಳೆಯೂ ಸಣ್ಣ ಇತ್ತು, ನನ್ನ ಪುಣ್ಯ."

ಹಾಗೆ ನೇರವಾಗಿ ಹೇಳುವವರು ನನಗೆ ಸೇರುತ್ತಾರೆ. ಹಂಚನ್ನು ವರ್ಷಕ್ಕೊಮ್ಮೆ ತೆಗೆದು ಮತ್ತೆ ಕೂರಿಸಬೇಕು, ಮಂಗ ಹಾರಿ ಒಡೆದದ್ದನ್ನು ಬದಲಿಸಬೇಕು, ಮಾಡಿನ ಮೇಲೆ ಹತ್ತುತ್ತಿದ್ದವನು ಸತ್ತ, ಅವನ ಮಕ್ಕಳು ಹತ್ತುವುದಿಲ್ಲ, ಹಂಚಿನ ಮನೆ ಯಾರಿಗೂ ಬೇಡವಾಗಿರುವುದು ಅದಕ್ಕೇ ಅಂದಳು. ಗೋವೆಯವರು ಏನು ಮಾಡುತ್ತಾರಂತೆ ಅಂದೆ. ಹಂಚಿನ ಕೆಳಗೆ ತಗಡು ಹೊಡೆಯುತ್ತಾರಂತೆ, ಗೋಡೆಯ ಗಾರೆ ಕೆತ್ತಿ ಒಳಗಿನ ಕೆಂಪು ಕಲ್ಲು ಕಾಣಿಸುತ್ತಾರಂತೆ, ಬಂದವರಿಗೆ ಮನೆ ಹಳೆಯದು ಅನ್ನಿಸಬೇಕಂತೆ. ಬಾವಿಗೆ ಕಬ್ಬಿಣದ ಜಾಳಿ ಹಾಕಿ ಒಳಗೆ ದೀಪ ಬಿಡುತ್ತಾರಂತೆ. ನೀರು ಸೇದುವುದಕ್ಕಲ್ಲ, ನೋಡುವುದಕ್ಕೆ. ಗಾರೆ ಹಾಕಿಸುವುದಕ್ಕೆ ಅವಳ ಗಂಡ ಒಂದು ಎಮ್ಮೆ ಮಾರಿದ್ದನಂತೆ. ಈಗ ಅದನ್ನು ಕೆತ್ತಲು ಜನ ಬರುತ್ತಾರೆ. ಇಬ್ಬರೂ ಜಗಲಿಗೆ ಬಂದು ಕೂತೆವು.

"ನಂಗೆ ಅವರಿಗೆ ಕೊಡೂಕೆ ಮನಸ್ಸಿಲ್ಲ" ಅಂದಳು ಶೇವಂತಿ. "ಉಂಡು ಮಲಗೂ ಜನರಿಗೆ ಕೊಡಬೇಕು. ನೀವು ಹೂಂ ಅಂದ್ರೆ ನಿಮಗೇ."

ನನ್ನ ಬಾಯಲ್ಲಿ ಹೂಂ ಇತ್ತು. ನನ್ನ ಕೆಳಗೆ ಜಗಲಿಯ ಕಟ್ಟೆ ಬೆಚ್ಚಗಿತ್ತು. ಎದುರಿಗೆ ಅಂಗಳ. ಅಷ್ಟರಲ್ಲಿ ಒಳಗೆ ನೀರು ಸುರಿದ ಸದ್ದಾಯಿತು. ತಿರುಗಿ ನೋಡಿದೆ. ಸುಜಾತಾ ತುಂಬಿದ ಬೇಸಿನ್ನನ್ನು ಎತ್ತಿ ಹಿಂಬಾಗಿಲಿನಿಂದ ಚೆಲ್ಲಿ ಬಂದಳು, ಅದೇ ಜಾಗಕ್ಕೆ ಇಟ್ಟಳು. ಹಂಡೆಯದನ್ನು ಚೆಲ್ಲಿದಳು. ಆಮೇಲೆ ಸೆರಗು ಸಿಕ್ಕಿಸಿ, ತಲೆಯ ಮೇಲೆ ಒಂದು ಗೋಣಿ ಹೊದ್ದು, ಅಡುಗೆಮನೆಯ ಖಾಲಿ ಕೊಡ ತೆಗೆದುಕೊಂಡು ಬಾವಿಗೆ ಹೋದಳು. ಯಾರೂ ಹೇಳಿರಲಿಲ್ಲ. ಶೇವಂತಿ ಬೇಡ ಬೇಡ ಅಂದಳು. ಅವಳಿಗೆ ಕೇಳಿಸಲಿಲ್ಲ. ಸೇದಿ, ಕೊಡ ಸೊಂಟಕ್ಕೇರಿಸಿ, ಪಾಚಿಯ ಅಂಗಳದಲ್ಲಿ ಕಾಲ್ಬೆರಳು ಊರಿಕೊಂಡು ಬಂದಳು. ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತು, ಇನ್ನೊಂದು ಕೈಯನ್ನು ಬೆನ್ನಿಗೆ ಇಟ್ಟುಕೊಂಡಳು. ಆ ಕೈ ಇಟ್ಟುಕೊಳ್ಳುವ ರೀತಿ ನನಗೆ ಗೊತ್ತು. ಅವಳೂ ಐವತ್ತು ದಾಟಿದವಳು.

ಆ ಮನೆಯಲ್ಲಿ ನಾನು ಕೂರುವ ಜಾಗವನ್ನು ಮಾತ್ರ ನೋಡಿದ್ದೆ. ಮಾಡುವ ಜಾಗ ನೋಡಿರಲಿಲ್ಲ. ಬಾವಿ ಬೇಕು ಅಂದವಳು ನಾನು, ಸೇದುವವಳು ಅವಳು. ಅಂಗಳ ಬೇಕು ಅಂದವಳು ನಾನು, ಗುಡಿಸುವವಳು, ಸಾರಿಸುವವಳು, ಪಾಚಿ ಕೆರೆಯುವವಳು ಅವಳು. ಬೀಗ ಹಾಕಿ ಎಲ್ಲಿಗೆ ಹೋಗುವುದಿದೆ ನಿನಗೆ ಅಂತ ಬೇರೆ ಕೇಳಿದ್ದೆ. ಹಂಚಿನ ಮನೆಯನ್ನು ಬಿಟ್ಟು ಹೋಗಲು ಬರುವುದಿಲ್ಲ. ಅದು ಹಸುಳೆಯಿದ್ದ ಹಾಗೆ, ಒಬ್ಬರು ಹತ್ತಿರವೇ ಇರಬೇಕು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಒಂದು ಬೇಸಿನ್ನು, ಒಂದು ಹಂಡೆ, ಒಂದು ಡಬ್ಬ ಬೇಕಾಯಿತು ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ಶೇವಂತಿಗೆ, ಗೋವೆಯವರಿಗೇ ಕೊಟ್ಟುಬಿಡು ಅಂದೆ. ಗಾರೆ ಕೆತ್ತುವ ದಿನ ಮಾತ್ರ ನೀನು ಇಲ್ಲಿ ಇರಬೇಡ ಅಂದೆ. ಅವಳು ತಲೆಯಾಡಿಸಿದಳು. ಸುಜಾತಾ ಕೊಡ ಇಳಿಸಿ ನನ್ನ ಮುಖ ನೋಡಿದಳು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ.

ಸಂಜೆ ಮಂಜುನಾಥ ಡ್ಯೂಟಿಯಿಂದ ಬಂದು ಬೂಟು ಬಿಚ್ಚುತ್ತಿದ್ದ. ಅವನ ಮುಂದೆ ಹೋಗಿ ನಿಂತೆ.

"ಆ ದಿನ ಗುಡಿಯಲ್ಲಿ ನನ್ನ ಮನಸ್ಸಲ್ಲಿ ಇದ್ದದ್ದು ಫ್ಲ್ಯಾಟು."

ಅವನು ಒಂದು ಬೂಟು ಕೈಯಲ್ಲಿ ಹಿಡಿದು ತಲೆ ಎತ್ತಿದ. "ಸುಳ್ಳು ಹೇಳಬೇಡ ಆಯಿ. ಕಾರಲ್ಲಿ ಕೋಡಿಬಾಗ ಅಂದಿದ್ದಿ."

"ಕಾರಲ್ಲಿ ಬಾಯಲ್ಲಿ ಇದ್ದದ್ದು ಕೋಡಿಬಾಗ. ಗುಡಿಯಲ್ಲಿ ತಲೆಯಲ್ಲಿ ಎಂತ ಇತ್ತು ಹೇಳಿ ನಿಂಗೆ ಹ್ಯಾಂಗೆ ಗೊತ್ತು? ನೀನು ಕಣ್ಣು ಮುಚ್ಚಿ ಕಪ್ಪೆ ಕಾಣ್ತಾ ಇದ್ದಿ."

"ದೇವಿ ವಿಷಯ ಇದು."

"ಹೌದು. ದೇವಿ ನನ್ನ ಹತ್ತಿರ ಲೆಕ್ಕ ಕೇಳ್ತಳೆ, ನಿನ್ನ ಹತ್ತಿರ ಅಲ್ಲ. ನಾವು ಇಬ್ರು, ನೀನು ಒಬ್ಬ."

ಅವನು ಸಾಲುಮನೆಯ ಸ್ನೇಹಿತರ ಹೆಸರನ್ನೆಲ್ಲ ಹೇಳಿದ. ನಿವೃತ್ತಿಯಾದ ಮೇಲೂ ದಿನಾ ಅದೇ ಮುಖ ನೋಡಬೇಕಾ ನಿನಗೆ ಅಂದೆ. ಹಾಗೆ ಅಂದಾಗ ಅವನ ಮುಖ ಸ್ವಲ್ಪ ಸಣ್ಣದಾಯಿತು. ಅವನಿಗೆ ಆ ಮುಖಗಳೇ ಬೇಕಾಗಿದ್ದವು ಅಂತ ನನಗೆ ಗೊತ್ತಿತ್ತು. ಆದರೆ ಮನೆಯನ್ನು ಮುಖ ನೋಡಿ ಕೊಳ್ಳುವುದಲ್ಲ, ಕಾಲು ನೋಡಿ ಕೊಳ್ಳಬೇಕು, ಯಾರ ಕಾಲು ಅದರಲ್ಲಿ ದಿನವಿಡೀ ತಿರುಗುತ್ತದೋ ಅವರದ್ದು. ಅಂಕೋಲೆಗೆ ಬಸ್ಸಿದೆ, ಕಾರಿದೆ, ಬೇಕಾದಾಗ ಹೋಗಿ ಅವರ ಜಗಲಿಯಲ್ಲಿ ಕೂತು ಬಾ ಅಂದೆ. ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟು, ಫ್ಲ್ಯಾಟಿನಲ್ಲಿ ನಲ್ಲಿ ಕೆಟ್ಟರೆ ಯಾರಿಗೆ ಹೇಳುವುದು ಅಂತ ಕೇಳಿದ. ಕೆಳಗೆ ವಾಚ್‌ಮನ್ ಇದ್ದಾನೆ, ಅವನಿಗೆ ಹೇಳಿದರೆ ಜನ ಕರೆಸುತ್ತಾನೆ ಅಂದಳು ಸುಜಾತಾ. ಮಂಜುನಾಥ ಎರಡನೇ ಬೂಟು ಬಿಚ್ಚಿದ. ಅಲ್ಲಿಗೆ ಅದು ಮುಗಿಯಿತು.

ಸುಜಾತಾ ಅಕ್ಕಿ ಆರಿಸಲು ಕೂತಳು. ನನಗೆ ಧನ್ಯವಾದ ಹೇಳ್ತಾಳೇನೋ ಅಂತ ನೀವು ಕಾಯುತ್ತಿದ್ದರೆ, ಅಂಥ ಪದ್ಧತಿ ನಮ್ಮಲ್ಲಿ ಇಲ್ಲ. ತಲೆ ಎತ್ತದೆ ಒಂದೇ ಕೇಳಿದಳು.

"ಮತ್ತೆ ಹಪ್ಪಳ ಎಲ್ಲಿ ಒಣಗಿಸ್ತ್ರಿ?"

"ನಿನ್ನ ಗ್ಯಾಲರಿಯಲ್ಲಿ."

"ಚಾಪೆ ಹಿಡಿಯೂದಿಲ್ಲ ಅಲ್ಲಿ."

"ಅದು ನನ್ನ ತಲೆಬೇನೆ" ಅಂದೆ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಚಾ ಕುಡಿದು, ಅಟ್ಟದಿಂದ ಚಾಪೆ ಇಳಿಸಿ ಸುರುಳಿ ಸುತ್ತಿ, ಕಾರವಾರದ ಬಸ್ಸಿನಲ್ಲಿ ಅದಕ್ಕೂ ಒಂದು ಸೀಟು ಹಿಡಿದೆ. ಫ್ಲ್ಯಾಟಿನ ಕೆಳಗೆ ನಾಗೇಶನನ್ನು ಕರೆಸಿ ಬೀಗ ತೆಗೆಸಿದೆ. ಅದೇ ಬಣ್ಣದ ವಾಸನೆ. ಗ್ಯಾಲರಿಗೆ ಹೋಗಿ ಚಾಪೆ ಬಿಚ್ಚಿದೆ. ಅಗಲ ಸರಿ ಕೂತಿತು. ಉದ್ದ ಒಂದು ಮೊಳ ಜಾಸ್ತಿಯಾಗಿ ಗೋಡೆಗೆ ಏರಿ ನಿಂತಿತು. ಎದುರಿನ ಕಟ್ಟಡದ ಎಡೆಯಿಂದ ಬಿಸಿಲು ಬಂದು ಅದರ ಮೇಲೆ ಬಿತ್ತು. ಬಹಳ ಹೊತ್ತು ಇರುವ ಬಿಸಿಲಲ್ಲ, ಆದರೂ ಬಿಸಿಲೇ. ಅದು ಎಲ್ಲಿಯವರೆಗೆ ಸರಿಯುತ್ತದೆ ಅಂತ ನೋಡುತ್ತ ಅಲ್ಲೇ ಕೂತೆ. ಆಮೇಲೆ ವಾಚ್‌ಮನ್ ಹತ್ತಿರ ಒಂದು ಕತ್ತಿ ತರಿಸಿ, ಗೋಡೆಗೆ ಏರಿದಷ್ಟನ್ನು ಕತ್ತರಿಸಿ ತೆಗೆದೆ. ಹೆಣಿಗೆ ಬಿಚ್ಚದ ಹಾಗೆ ಅಂಚು ಮಡಚಿ, ಮನೆಯಿಂದ ತಂದಿದ್ದ ಗೋಣಿ ಸೂಜಿಯಿಂದ ಹೊಲಿದೆ. ನಾಗೇಶ ಬಾಗಿಲಲ್ಲಿ ನಿಂತು, ಅಜ್ಜಿ, ಇನ್ನೂ ಕಾಗದಪತ್ರ ಆಗಲಿಲ್ಲ ಅಂದ. ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಡಿದು, ಕತ್ತರಿಸಿದ ತುಂಡನ್ನು ಹೊರಬಾಗಿಲಿಗೆ ಕಾಲೊರಸಾಗಿ ಹಾಸಿದೆ. ಕಾಲೊರಸಿ ಒಳಗೆ ಬಾ ಅಂದೆ ಅವನಿಗೆ.